ಅನುರಣನ ಎಂದರೆ ಋಣವಲ್ಲ

ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದ ವರ್ಷಗಳವು. ನಾನು ಮಾಗಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಮ್ಮ. ನನ್ನ ಗಂಡನಿಗೆ ಒಂದು ಕಾರ್ಖಾನೆಯಲ್ಲಿ ಕೆಲಸ. ಆರ್ಡರ್ ಜಾಸ್ತಿಯೆಂದು ತಿಂಗಳುಗಟ್ಟಲೆ ರಾತ್ರಿ ಪಾಳಿ. ಅವರು ಮನೆಗೆ ಬರುವ ಹೊತ್ತು, ನಾನು ಶಾಲೆಗೆ ಹೊರಡುವ ಹೊತ್ತು, ಎರಡೂ ಒಂದೇ. ದಿನಾ ಹೊಸ್ತಿಲಲ್ಲಿ ಎದುರಾಗುತ್ತಿದ್ದೆವು. ಅವರಿಗೆ ನಿದ್ದೆಗಣ್ಣು, ನನಗೆ ಗಡಿಬಿಡಿ. ಗ್ಯಾಸ್ ಮುಗಿದಿದೆ ಅಂತ ನಾನು, ಬಂದ ತಕ್ಷಣ ಶುರು ಮಾಡಿದೆಯಾ ಅಂತ ಅವರು. ನನ್ನ ನಾಲಿಗೆಯೋ, ಕತ್ತರಿ. ದಿನಕ್ಕೆ ಒಂದೋ ಎರಡೋ ಮಾತು, ಅಷ್ಟೇ. ಆದರೂ ಆ ಬೇಸಿಗೆಗೆ ಕಬ್ಬಾಳಿನ ತವರಿನ ಕಡೆಗೆ ವರ್ಗ ಕೇಳುವುದೆಂದು ಒಳಗೊಳಗೇ ಗಟ್ಟಿ ಮಾಡಿಕೊಂಡಿದ್ದೆ. ಹೋದರೆ ತಿರುಗಿ ಬರುವವಳಾಗಿರಲಿಲ್ಲ.

ಶನಿಗ್ರಹವನ್ನು ಸುತ್ತುತ್ತಿದ್ದ ನೌಕೆಯೊಂದು ಚಿತ್ರ ಕಳಿಸುತ್ತಿದ್ದ ಕಾಲ. ಒಂದು ಭಾನುವಾರ ಪೇಪರಿನಲ್ಲಿ ಉಂಗುರಗಳ ಚಿತ್ರ, ಅದರ ಅಂಚಿನಲ್ಲೊಂದು ಪುಟ್ಟ ಚಂದ್ರ. ನಮ್ಮ ಮಾಗಡಿ ತಾಲ್ಲೂಕಿನಷ್ಟು ಅಗಲವಿದ್ದರೆ ಹೆಚ್ಚು. ಅದರ ಸೆಳೆತಕ್ಕೆ ಉಂಗುರದ ಹಿಮದ ಚೂರುಗಳಲ್ಲಿ ಅಲೆ ಏಳುತ್ತವಂತೆ. ಆ ಅಲೆಗಳೇ ತಿರುಗಿ ಚಂದ್ರನನ್ನು ಕೂದಲೆಳೆಯಷ್ಟು ಹೊರಗೆ ನೂಕುತ್ತವಂತೆ. ಹಾಗೆ ಸರಿಯುತ್ತಾ ಸರಿಯುತ್ತಾ ಎಷ್ಟೋ ಕಾಲದ ಮೇಲೆ ಅದು ಇನ್ನೊಂದು ಚಂದ್ರನ ಲಯಕ್ಕೆ ಸಿಕ್ಕಿಬೀಳುತ್ತದೆ. ಇದು ಮೂರು ಸುತ್ತು ಬರುವಷ್ಟರಲ್ಲಿ ಅದು ಎರಡು ಸುತ್ತು. ಓದುತ್ತಾ ಮೈ ಜುಮ್ಮೆಂದಿತು. ಒಲೆಯ ಮೇಲೆ ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ.

"ಏನವ್ವ ಅದು, ಹಂಗ್ ಬಾಯ್ ಬುಟ್ಕಂಡು ನೋಡ್ತಿದ್ದೀಯ?" ಅಂದರು ಅತ್ತೆ. ಕುದೂರಿನವರು, ನಮ್ಮ ಜೊತೆಗೇ ಇದ್ದರು. ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಎರಡು ಚಂದ್ರ ಹಿಂಗೆ ಲೆಕ್ಕಕ್ಕೆ ಸರಿಯಾಗಿ ಸುತ್ತೋದಕ್ಕೆ ಅನುರಣನ ಅಂತಾರೆ ಅತ್ತೆ."

"ರುಣಾನಾ? ಶನಿಮಾತ್ಮನ ಹತ್ರ ಇರೋವಕ್ಕೆ ರುಣ ಇಲ್ದೆ ಇರ್ತದಾ?"

"ಋಣವೂ ಇಲ್ಲ, ಗಿಣವೂ ಇಲ್ಲ," ಎಂದು ನಕ್ಕೆ. "ಪ್ರತಿ ಸಲ ಅದೇ ಜಾಗದಲ್ಲಿ ಎದುರಾಗ್ತವೆ. ಅಲ್ಲೊಂದು ಚೂರು ಜಗ್ಗಾಡಿ ಹೋಗ್ತವೆ. ಒಂದು ಸಲಕ್ಕೆ ಏನೂ ಆಗಲ್ಲ. ಅದೇ ಜಾಗದಲ್ಲೇ ಆಗಿ ಆಗಿ, ದುಂಡಗಿದ್ದ ದಾರಿನೇ ಸೊಟ್ಟಗಾಗಿಬಿಡುತ್ತೆ."

ಹೇಳುತ್ತಿದ್ದಂತೆ ನನ್ನ ಕಣ್ಣು ನಮ್ಮ ಹೊಸ್ತಿಲಿನ ಕಡೆ ಹೋಯಿತು.

"ಒಳ್ಳೆ ಕತೆ ಆಯ್ತಲ್ಲ," ಅಂದರು ಅತ್ತೆ, ಕಾಯಿಂದ ಕಣ್ಣೆತ್ತದೆ. "ಬ್ಯಾರೆ ಕಡೆ ಸಿಗಕ್ಕೆ ಏನ್ ರೋಗ ಅವಕ್ಕೆ?"

"ಅವಕ್ಕೆ ಆಗಲ್ಲ ಅತ್ತೆ," ಎಂದೆ. ಅಷ್ಟು ದೂರದ ಕತ್ತಲಲ್ಲಿ, ನೋಡುವವರಿಲ್ಲದ ಕಡೆ ನಡೆಯುವ ಲೆಕ್ಕ ನನ್ನ ಮನೆ ಹೊಸ್ತಿಲಲ್ಲೂ ತಪ್ಪದೆ ನಡೆಯುತ್ತಿದೆ. ಶಿವನೇ, ಎಂಥ ಸೋಜಿಗ ಅನ್ನಿಸಿತು. ಹೆದರಿಕೆಯೂ ಆಯಿತು. ಅವತ್ತೆಲ್ಲ ನಾನು ಯಾರ ಜೊತೆಯೂ ಜೋರಾಗಿ ಮಾತಾಡಲಿಲ್ಲ.

ಮಾರನೆಯ ಬೆಳಿಗ್ಗೆ ಬೇಗ ಎದ್ದು, ಹೊಸ್ತಿಲಲ್ಲಿ ಎದುರಾಗುವ ಮೊದಲೇ, ಕಂಪನಿ ಬಸ್ಸು ನಿಲ್ಲುವ ಸರ್ಕಲ್ಲಿಗೆ ಹೋಗಿ ನಿಂತೆ. ಬಸ್ಸು ಬಂತು. ತೂಕಡಿಸುತ್ತಾ ಇಳಿದವರ ನಡುವೆ ಅವರೂ ಇಳಿದರು. ನನ್ನನ್ನು ಕಂಡದ್ದೇ ಮುಖ ಬಿಳಿಚಿಕೊಂಡಿತು. ಓಡಿಬಂದು ನನ್ನ ರಟ್ಟೆ ಹಿಡಿದರು.

"ಅವ್ವಂಗೇನಾಯ್ತು?"

"ಏನೂ ಆಗಿಲ್ಲರೀ. ನಿಮ್ಮನ್ನ ನೋಡೋಣ ಅಂತ ಬಂದೆ."

"ನಿಜ ಹೇಳು. ಅವ್ವ ಬದುಕವ್ಳಾ?"

ಬರೀ ಅವರನ್ನು ನೋಡಲು ನಾನು ಬಂದಿರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಅಷ್ಟು ದೂರ ಸರಿದುಹೋಗಿದ್ದೆವು. ವರ್ಗದ ಯೋಚನೆ ಅಲ್ಲೇ ಬಿದ್ದುಹೋಯಿತು. ನನಗೆ ಅಳು ತಡೆಯಲಾಗಲಿಲ್ಲ. ನಾನು ಅತ್ತದ್ದು ನೋಡಿ, ತಾಯಿ ಹೋದಳೆಂದೇ ತಿಳಿದು, ಅವರೂ ನನ್ನ ಕೈ ಹಿಡಿದುಕೊಂಡು ನಡುಬೀದಿಯಲ್ಲಿ ಅತ್ತರು.