ಗಡುವು ಹೇಳದ ಹರಕೆ

ಉಥೈ ಥಾನಿ ಎಂಬ ಊರಿನ ಬೆಳಗಿನ ಸಂತೆಯಲ್ಲಿ ಲಮೋಮ್‌ಳ ಹತ್ತಿರ ಚೌಕಾಸಿ ಮಾಡಿ ಗೆದ್ದವರಿಲ್ಲ. ಮೀನಿನ ಬುಟ್ಟಿ ಮುಂದಿಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತಳೆಂದರೆ ತಲೆಗೊಂದು ದರ, ಬಾಲಕ್ಕೊಂದು ದರ. "ಕಿವಿರು ನೋಡಿ ಎಷ್ಟು ಕೆಂಪಗಿದೆ, ನಿಮ್ಮ ಸೊಸೆ ತುಟಿನೂ ಇಷ್ಟು ಕೆಂಪಗಿರಲ್ಲ" ಎಂದು ಗಿರಾಕಿಯ ಬಾಯಿ ಮುಚ್ಚಿಸುವಳು. ಇಂಥ ಹೆಂಗಸು ಜೀವಮಾನದಲ್ಲಿ ಒಂದೇ ಒಂದು ಸಲ ಚೌಕಾಸಿ ಮರೆತಳು. ಅದೂ ಯಾರ ಮುಂದೆ? ಸಾಕ್ಷಾತ್ ಬುದ್ಧನ ಮುಂದೆ.

ಸಕೆಕ್ರಂಗ್ ಹೊಳೆಯ ಮೇಲೆ ತೇಲುವ ಮನೆ ಕಟ್ಟಿಕೊಂಡವರಿಗೆ ಬಿದಿರಿನ ಕಾಟ ತಪ್ಪಿದ್ದಲ್ಲ. ಮನೆಯಡಿಯ ಬಿದಿರು ಕೊಳೆತು ನೆಲ ಒಂದು ಕಡೆಗೆ ವಾಲತೊಡಗಿದರೆ ನೀರಿಗಿಳಿದು ಹಳೆಯದನ್ನು ಎಳೆದು ಹಾಕಿ ಹೊಸದನ್ನು ತುರುಕಬೇಕು. ಲಮೋಮ್‌ಳ ಗಂಡ ಪ್ರಯೂನ್ ಚಳಿಗಾಲದಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು ಆ ಕೆಲಸ ಮುಗಿಸಿದ. ಮುಗಿಸಿ ಮಲಗಿದವನು ಏಳಲಿಲ್ಲ. ಶ್ವಾಸಕೋಶ ಕೆಟ್ಟಿದೆ, ಕೈಲಾದದ್ದು ಮಾಡುತ್ತೇವೆ ಎಂದರು ಆಸ್ಪತ್ರೆಯವರು. ಮಕ್ಕಳಿಲ್ಲದ ಮನೆ. ಅವಳಿಗೆ ಅವನು, ಅವನಿಗೆ ಅವಳು, ಇಬ್ಬರಿಗೂ ಸೇರಿ ಮನೆಯ ಬದಿಯ ಬಲೆಗೂಡಿನಲ್ಲಿ ಸಾಕಿದ ಮೀನು. ಲಮೋಮ್ ಬರಿಗಾಲಲ್ಲಿ ವಿಹಾರಕ್ಕೆ ಓಡಿ ಹೋಗಿ, ನೆಲಕ್ಕೆ ಹಣೆ ಹಚ್ಚಿ, "ಇವನನ್ನ ಉಳಿಸ್ಕೊಡು, ಉಳಿದ್ರೆ ಕಾವಿ ಉಡಿಸಿ ನಿನಗೇ ಕೊಡ್ತೀನಿ" ಎಂದುಬಿಟ್ಟಳು.

ಆ ಸೀಮೆಯಲ್ಲಿ ಹರಕೆ ಹೊರುವುದಕ್ಕೊಂದು ಕ್ರಮವಿದೆ. ಬೇಯಿಸಿದ ಮೊಟ್ಟೆ ಎಂದರೆ ಎಷ್ಟು ಮೊಟ್ಟೆ, ಕಾವಿ ಎಂದರೆ ಎಷ್ಟು ದಿನ, ಬಾಯಿಬಿಟ್ಟು ಹೇಳಬೇಕು. ಒಂದು ವಾರವೋ, ಒಂದು ಮಳೆಗಾಲವೋ ಹೇಳಿದಷ್ಟು ದಿನ ಗಂಡಸರು ಭಿಕ್ಷುವಾಗಿದ್ದು, ಆಮೇಲೆ ಕಾವಿ ಬಿಚ್ಚಿಟ್ಟು ಮನೆಗೆ ಬಂದು, ಎಂದಿನಂತೆ ಹೆಂಡತಿಯ ಜೊತೆ ಜಗಳಕ್ಕೆ ಕೂರುತ್ತಾರೆ. ಲಮೋಮ್ ಗಡುವು ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಪ್ರಯೂನ್ ಬದುಕಿದ. ಹೆಂಡತಿಯ ಒಪ್ಪಿಗೆ ಇದೆಯೇ ಎಂದು ವಿಹಾರದ ಹಿರಿಯ ಭಿಕ್ಷು ಭಂತೆಯವರು ಕೇಳಿದಾಗ ಲಮೋಮ್ ಮೂರು ಸಲ ತಲೆಯಾಡಿಸಿದಳು. ಕಾವಿಯನ್ನು ತಲೆಯ ಮೇಲಿಟ್ಟುಕೊಂಡು ಮೆರವಣಿಗೆಯಲ್ಲಿ ನಡೆದಳು. ಮಳೆಗಾಲವೊಂದು ಕಳೆದರೆ ಬಂದಾನು ಎಂದು ಅವಳ ಲೆಕ್ಕ.

ಮಳೆಗಾಲ ಕಳೆಯಿತು. ಗುಡ್ಡದ ಮೇಲಿನ ಗುಡಿಯಿಂದ ಭಿಕ್ಷುಗಳು ಸಾಲಾಗಿ ಮೆಟ್ಟಿಲಿಳಿದು ಬಂದು, ಊರಿಗೆ ಊರೇ ಅವರ ಪಾತ್ರೆಗೆ ಅನ್ನ ಹಾಕಿದ ಹಬ್ಬವೂ ಆಯಿತು. ಜೊತೆಯಲ್ಲಿ ಕಾವಿ ಉಟ್ಟವರೆಲ್ಲ ಬಿಚ್ಚಿಟ್ಟು ತಂತಮ್ಮ ಅಂಗಡಿ, ಗದ್ದೆಗೆ ಮರಳಿದರು. ಪ್ರಯೂನ್ ಬರಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಪುಟ್ಟ ದೋಣಿ ಹುಟ್ಟುಹಾಕುತ್ತ ಬರುತ್ತಾನೆ, ಅವಳು ಬೆರಳು ತಾಗದ ಹಾಗೆ ಪಾತ್ರೆಗೆ ಅನ್ನ ಹಾಕುತ್ತಾಳೆ, ಅವನು ಕಣ್ಣೆತ್ತದೆ ಮುಂದಿನ ಮನೆಗೆ ಹೋಗುತ್ತಾನೆ. ಗಂಡ ಸತ್ತವಳು ಅಳಬಹುದು, ಗಂಡ ಬಿಟ್ಟುಹೋದವಳು ಬಾಯಿತುಂಬ ಬಯ್ಯಬಹುದು. ಗಂಡ ಭಿಕ್ಷುವಾದವಳು ಏನು ಮಾಡಬೇಕು? ಕೈಮುಗಿಯಬೇಕು. ಸಂತೆಯಲ್ಲಿ ಎಲ್ಲರೂ ಪುಣ್ಯವಂತೆ ಪುಣ್ಯವಂತೆ ಎಂದು ಕರೆದರೆ ನಗಬೇಕು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಪಾಡು.

ಮನೆ ನುಂಗುವಂತಿತ್ತು. ಅನ್ನ ಬೇಯಿಸುವುದು ಅವನ ಭಿಕ್ಷಾಪಾತ್ರೆಗೆಂದು. ಉಳಿದದ್ದನ್ನು ನಿಂತುಕೊಂಡೇ, ತಣ್ಣಗಾದ ಮೇಲೆ, ಒಣಮೀನು ಕಚ್ಚಿಕೊಂಡು ತಿನ್ನುವಳು. ಬೇರೆ ದೋಣಿ ಹಾದುಹೋದಾಗ ನೆಲ ಅಲುಗಿದರೆ ಅವನೇ ಕಾಲಿಟ್ಟನೇನೋ ಎಂದು ತಿರುಗಿ ನೋಡುವಳು. ಕಾಳು ಎರಚುತ್ತ ಬಲೆಗೂಡಿನ ಮೀನುಗಳ ಜೊತೆ ಸಂತೆಯ ಸುದ್ದಿಯನ್ನೆಲ್ಲ ಆಡುವಳು. ಬಯ್ಯಲು ಒಬ್ಬರಿಲ್ಲದ ಮನೆಯೂ ಒಂದು ಮನೆಯೇ?

ಪಕ್ಕದ ತೇಲುಮನೆಯ ಸಾಯ್‌ಬುವ ಎಂಬವಳು ವಿಧವೆ, ಬಾಯಾಳಿ. ಒಂದು ಮಧ್ಯಾಹ್ನ ಮೀನು ಸೀಳುತ್ತ ಕೂತಿದ್ದಾಗ ಅವಳೇ ಮಾತು ತೆಗೆದಳು.

"ಮೀನಿನ ಬಾಲಕ್ಕೂ ಬೆಲೆ ಕಟ್ಟೋಳು ಗಂಡನನ್ನ ಪುಕ್ಕಟೆ ಕೊಟ್ಬಿಟ್ಯಲ್ಲೇ."

"ಕೊಟ್ಟಾಯ್ತಲ್ಲಕ್ಕ. ಈಗೇನು ಮಾಡ್ಲಿ?"

"ವಾಪಸ್ ತಗೋ. ಹೂವು, ಊದಿನಕಡ್ಡಿ ಹಿಡ್ಕೊಂಡು ಹೋಗು. ನಾನು ಹೆಡ್ಡಿ, ಎಷ್ಟು ದಿನ ಅಂತ ಹೇಳೋದು ಮರೆತೆ, ಒಂದು ಮಳೆಗಾಲ ಆಯ್ತು, ಸಾಕು ಅನ್ನು. ಬುದ್ಧನಿಗೇನು ನಿನ್ನ ಗಂಡನ ಕೊರತೆನಾ?"

"ಕಾವಿ ಉಟ್ಟೋನನ್ನ ಹೆಂಗಸು ಎಳ್ಕೊಂಡು ಬಂದ್ರೆ ಪಾಪ ಬರತ್ತಂತೆ."

"ಬರ್ಲಿ ಬಿಡು. ಪಾಪಾನಾದ್ರೂ ಮನೇಲಿ ಜೊತೆಗಿರತ್ತೆ."

ಲಮೋಮ್‌ಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಮಾರನೆಯ ದಿನ ತಾವರೆ ಮೊಗ್ಗು ಹಿಡಿದು ಹೊರಟೇಬಿಟ್ಟಳು. ಹೆಂಗಸೊಬ್ಬಳೇ ಭಿಕ್ಷುವಿನ ಎದುರು ಕೂತು ಮಾತಾಡುವಂತಿಲ್ಲ. ಅವನು ಎದುರಾದರೆ ಬೇಕಾದೀತು ಎಂದು ಸಾಯ್‌ಬುವಳೂ ದೋಣಿ ಹತ್ತಿದಳು.

ಎದುರಾದ. ವಿಹಾರದ ಸೋಪಾನದಲ್ಲಿ ಕೂತು ಮೀನುಗಳಿಗೆ ಅನ್ನ ಹಾಕುತ್ತಿದ್ದ. ವಿಹಾರದ ಮುಂದಿನ ನೀರಿನಲ್ಲಿ ಯಾರೂ ಬಲೆ ಬೀಸುವಂತಿಲ್ಲ, ಹಾಗಾಗಿ ಅಲ್ಲಿಯ ಮೀನುಗಳಿಗೆ ಭಯವೇ ಇಲ್ಲ, ಅಂಗೈವರೆಗೂ ಬಂದು ತಿನ್ನುತ್ತಿದ್ದವು. ಅವನು ತನ್ನಷ್ಟಕ್ಕೆ ನಗುತ್ತಿದ್ದ. ಲಮೋಮ್ ಮೆಟ್ಟಿಲ ಮೇಲೆ ತುಸು ಹೊತ್ತು ನಿಂತೇ ನೋಡಿದಳು. ಮನೆಯಲ್ಲಿ ಮೀನಿನ ತಲೆಗೆ ಕೊಡತಿಯಿಂದ ಹೊಡೆಯುವುದು ಅವನ ಪಾಲಿನ ಕೆಲಸ. ಹೊಡೆಯುವಾಗ ಪ್ರತಿಸಲವೂ ಮುಖ ಆಚೆ ತಿರುಗಿಸುತ್ತಿದ್ದ. "ಗಂಡಸಾಗಿ ಎಂಥ ಪುಕ್ಕಲೋ ನೀನು" ಎಂದು ಅವಳು ಛೇಡಿಸುತ್ತಿದ್ದಳು.

ಹೆಂಗಸರಿಬ್ಬರೂ ಕೂತು ಕೈಮುಗಿದರು.

"ಚೆನ್ನಾಗಿದ್ದೀರಾ, ಉಪಾಸಕಿ?" ಎಂದ ಪ್ರಯೂನ್. ಊರ ಹೆಂಗಸರನ್ನೆಲ್ಲ ಭಿಕ್ಷುಗಳು ಕರೆಯುವುದೇ ಹಾಗೆ. ಆದರೂ ಅವಳಿಗೆ ಎದೆಗೆ ಗುದ್ದಿದ ಹಾಗಾಯಿತು.

"ಇದ್ದೀನಿ, ಭಂತೆ. ಮಳೆಗಾಲ ಮುಗೀತು."

"ಮುಗೀತು."

"ಈಗ ಇನ್ನೊಂದು ಬದಿಯ ಬಿದಿರು ಕೊಳೆತು ಮನೆ ನಡುಹೊಳೆ ಕಡೆಗೆ ವಾಲ್ತಾ ಇದೆ."

ಅವನು ಅಂಗೈಯಲ್ಲಿ ಉಳಿದ ಅನ್ನವನ್ನು ನೀರಿಗೆ ಕೊಡವಿದ. ಅವಳು ಯಾಕೆ ಬಂದಿದ್ದಾಳೆಂದು ತಿಳಿಯದಷ್ಟು ದಡ್ಡನಲ್ಲ.

"ನಿಮ್ಮ ಒಪ್ಪಿಗೆ ಮೇಲೆ ಉಟ್ಟ ಕಾವಿ ಇದು. ನೀವು ಬಾ ಅಂದ್ರೆ ನಾಳೆನೇ ಬಿಚ್ಚಿಡ್ತೀನಿ. ಮನಸ್ಸಲ್ಲಿ ಏನೂ ಇಟ್ಕೊಳ್ಳಲ್ಲ. ಹೇಳಿ."

ಸಾಯ್‌ಬುವ ಮೊಣಕೈಯಿಂದ ತಿವಿದಳು. ಹೇಳಬೇಕಾದದ್ದು ಒಂದೇ ಅಕ್ಷರ. ಅವನು ಸುಳ್ಳು ಹೇಳುವವನಲ್ಲ, ಕರೆದರೆ ಬರುತ್ತಾನೆ. ಲಮೋಮ್ ಬಾಯಿ ತೆರೆದಳು. ಆಗ ಅವನ ಕಡೆ ಕಣ್ಣು ಹೋಯಿತು. ಉತ್ತರಕ್ಕೆ ಕಾಯುತ್ತ ಪ್ರಯೂನ್ ಮುಖವನ್ನು ಆಚೆ ತಿರುಗಿಸಿಕೊಂಡು ಕೂತಿದ್ದ.

"ಬಿದಿರು ಬದಲಿಸೋಕೆ ಸಾಯ್‌ಬುವಕ್ಕನ ತಮ್ಮಂದಿರು ಬರ್ತಾರಂತೆ. ಅದನ್ನೇ ಹೇಳಿ ಹೋಗೋಣ ಅಂತ ಬಂದೆ, ಭಂತೆ" ಎಂದಳು ಲಮೋಮ್.

ಅವನು ಬಿಗಿಹಿಡಿದಿದ್ದ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ತಾವರೆ ಮೊಗ್ಗನ್ನು ಸೋಪಾನದ ಮೇಲೆ ಇಟ್ಟು ಎದ್ದಳು.

ದೋಣಿ ನಡುಹೊಳೆಗೆ ಬಂದ ಮೇಲೆ ಸಾಯ್‌ಬುವ ರೇಗಿದಳು. "ನನಗೆಲ್ಲಿದ್ದಾರೇ ತಮ್ಮಂದಿರು? ಹೆಡ್ಡಿ, ಎರಡನೇ ಸಲವೂ ಕೊಟ್ಟುಬಂದ್ಯಲ್ಲೇ."

"ಮೊದಲನೇ ಸಲ ಕೊಟ್ಟಿರ್ಲಿಲ್ಲಕ್ಕ. ಸಾಲ ಕೊಟ್ಟಿದ್ದೆ ಅಂದ್ಕೊಂಡಿದ್ದೆ" ಎಂದಳು ಲಮೋಮ್. ಹುಟ್ಟು ಕೈಬಿಟ್ಟು, ಮುಖ ಮುಚ್ಚಿಕೊಂಡು ಅತ್ತಳು. ಸಾಯ್‌ಬುವ ಹುಟ್ಟು ಎತ್ತಿಕೊಂಡು ತಾನೇ ದೋಣಿ ನಡೆಸಿದಳು.

ಮರುದಿನ ಬೆಳಿಗ್ಗೆ ದೋಣಿ ಬಂತು. ಲಮೋಮ್ ಅನ್ನ ಹಾಕಿ, ಹಲಗೆಯ ಮೇಲೆ ಮೊಣಕಾಲೂರಿ, ತಲೆ ಬಗ್ಗಿಸಿ ಕೈಮುಗಿದಳು. ಅವನು ಆಯುಸ್ಸು, ಕಾಂತಿ, ಸುಖ, ಬಲ ಕೋರುವ ಪಾಲಿ ಮಂತ್ರ ಹೇಳಿ ಹರಸಿದ. ಸಂಸಾರ ಮಾಡಿದಷ್ಟು ವರ್ಷವೂ ಊಟ ಮಾಡಿ ಒಂದು ಒಳ್ಳೆಯ ಮಾತು ಆಡಿದವನಲ್ಲ. ಇವತ್ತಾದರೂ ದನಿ ಎಲ್ಲಾದರೂ ತಡವರಿಸೀತೇ, ಒಂದು ಪದ ಹೆಚ್ಚಾದೀತೇ ಎಂದು ಅವಳು ಮೈಯೆಲ್ಲ ಕಿವಿಯಾಗಿ ಕೇಳಿದಳು. ದೋಣಿ ಸಾಯ್‌ಬುವಳ ಮನೆಗೆ ಹೋಯಿತು. ಅಲ್ಲಿಯೂ ಅದೇ ಮಂತ್ರ, ಅದೇ ದನಿಯಲ್ಲಿ, ಅಷ್ಟೇ.