ದೊಡ್ಡವ್ವನ ವೇಗಕ್ಕೆ ತಿರುಗಿದ ರೇಡಿಯೋಗ್ರಾಂ

ಹಾಡಿನ ತಟ್ಟೆ ಸರಿಯಾಗಿ ತಿರುಗತೊಡಗಿದ ಕೂಡಲೇ ದೊಡ್ಡವ್ವ ಮುಖ ಸಿಂಡರಿಸಿ, “ಈ ಹಾಡೋ ಹೆಣ್ಮಗಳಿಗೆ ಜ್ವರ ಬಂದಾವೇನು?” ಎಂದಳು.

ಬಸವಕಲ್ಯಾಣದ ಅವಳ ಮನೆಯಲ್ಲಿ ಕೆಟ್ಟು ಕೂತಿದ್ದ ರೇಡಿಯೋಗ್ರಾಂ ರಿಪೇರಿಗೆ ಹುಮನಾಬಾದಿನಿಂದ ಮಿಸ್ತ್ರಿ ಬಂದಿದ್ದರು. ಮೋಟಾರಿನ ಕಡ್ಡಿಗೆ ಸುತ್ತಿದ್ದ ಹಳೆಯ ಟೇಪನ್ನು ಕಿತ್ತು ತೋರಿಸಿ, “ಇದರಿಂದ ಕಡ್ಡಿ ದಪ್ಪಾಗಿ ತಟ್ಟಿ ಜೋರ್ ತಿರುಗತಿತ್ತರಿ” ಎಂದರು. ಸುತ್ತಿದ್ದವರು ತೀರಿಹೋದ ದೊಡ್ಡಪ್ಪ. ತಟ್ಟೆಯಲ್ಲಿ ವಚನ ಹಾಡುವ ಗಾಯಕಿಯ ಬಿರುಸು ಕೇಳಿ, ಈಗಿನವರಿಗೆ ಇಂಥ ಭಕ್ತಿಯ ಆವೇಶ ಎಲ್ಲಿದೆ ಎಂದು ನಮ್ಮ ಮನೆತನ ಇಷ್ಟು ವರ್ಷ ಕೈಮುಗಿದದ್ದು ಟೇಪಿನ ದಪ್ಪಕ್ಕೆ! ಈಗ ಅದೇ ಗಾಯಕಿ ಹೊಟ್ಟೆತುಂಬ ಉಂಡವರಂತೆ ನಿಧಾನವಾಗಿ ವಚನ ಹಾಡುತ್ತಿದ್ದರು.

“ಅವರು ಹಾಡಿದ್ದೇ ಹಿಂಗ, ದೊಡ್ಡವ್ವ” ಎಂದೆ ಗೆದ್ದವನಂತೆ.

“ಅವರಿಗೇನ್ ಗೊತ್ತದ? ನಿಮ್ಮ ದೊಡ್ಡಪ್ಪನ ಬಾಜೂಕ ಕುಂತು ನಾ ಕೇಳಿದ್ದು ಇದಲ್ಲ. ಮಿಸ್ತ್ರಿ, ಆ ಪಟ್ಟಿ ಮತ್ತ ಸುತ್ರಿ.”

ಸರಿಹೋದ ಯಂತ್ರವನ್ನು ಕೆಡಿಸಲು ಮಿಸ್ತ್ರಿ ಸ್ವಲ್ಪವೂ ಹಿಂಜರಿಯಲಿಲ್ಲ. ಹೊಸ ಟೇಪು ತೆಗೆದು ಒಂದು ಸುತ್ತು ಹಾಕಿ ಹಾಡು ಹಚ್ಚಿದರು. ದೊಡ್ಡವ್ವ ಕಣ್ಣು ಮುಚ್ಚಿಕೊಂಡೇ, “ಇನ್ನೊಂದ್ ಸುತ್ತ್ ಹಾಕ್ರಿ” ಎಂದಳು. ಹಾಕಿದರು. ಗಾಯಕಿಯ ದನಿ ತೆಳ್ಳಗಾಗಿ ಏರಿತು. ದೊಡ್ಡವ್ವನ ಬೆರಳು ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು, ಕೆನ್ನೆ ಒದ್ದೆಯಾಗಿತ್ತು.

ಆ ವಚನ ನನ್ನ ಫೋನಿನಲ್ಲೂ ಇದೆ, ಅಸಲು ವೇಗದಲ್ಲಿ. ಕೇಳಲಾಗುವುದಿಲ್ಲ. ಬಾಗಿಲು ಹಾಕಿಕೊಂಡು ವೇಗ ಹೆಚ್ಚಿಸಿಕೊಳ್ಳುತ್ತೇನೆ.