ಹತ್ತಿಯ ಪಾಠ ಮತ್ತು ಅವ್ವನ ಉದ್ಯೋಗ

ಹತ್ತಿಯ ಚರಿತ್ರೆಯ ಪಾಠ ಬಂತೆಂದರೆ ನನ್ನ ತರಗತಿಯಲ್ಲಿ ಮುಂದಿನ ಬೆಂಚು ಖಾಲಿಯಾಗುತ್ತದೆ. ಪಾಠ ಹೇಳುವ ಅಕ್ಕೋರು, ಎಂದರೆ ನಾನು, ಅವತ್ತು ಟೇಬಲ್ ಗುದ್ದುತ್ತಾರೆ, ಚಾಕ್‌ಪೀಸ್ ಮುರಿಯುತ್ತಾರೆ ಎಂಬುದು ಮುಧೋಳದ ನಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಗುದ್ದದೆ ಏನು ಮಾಡಲಿ? ಹಿಡಿ ಅರಳೆಗಾಗಿ ಆಫ್ರಿಕಾದ ಜನರಿಗೆ ಸರಪಳಿ ಹಾಕಿ ಹಡಗು ತುಂಬಿಸಿ ಒಯ್ದರು, ಅಮೆರಿಕದಲ್ಲಿ ದನ ಮಾರಿದ ಹಾಗೆ ಮಾರಿದರು. ಅವರು ಬಿಡಿಸಿದ ಹತ್ತಿ ಇಂಗ್ಲೆಂಡಿನ ಗಿರಣಿಗಳನ್ನು ಸಾಕಿತು. ಆ ಗಿರಣಿಯ ಬಟ್ಟೆ ನಮ್ಮ ಸಂತೆಗೆ ಬಂದು ನಮ್ಮ ಮಗ್ಗದವರ ಹೊಟ್ಟೆಯ ಮೇಲೆ ಹೊಡೆಯಿತು. ಅಮೆರಿಕದವರು ತಮ್ಮತಮ್ಮಲ್ಲೇ ಯುದ್ಧಕ್ಕೆ ಬಿದ್ದು ಹತ್ತಿ ಬರುವುದು ನಿಂತಾಗ ಮಾತ್ರ ಸಾಹೇಬರಿಗೆ ನಮ್ಮ ಕರಿ ಮಣ್ಣಿನ ನೆನಪಾಯಿತು. ಹತ್ತಿ ಬೆಳೆಯಿರಿ, ಹತ್ತಿ ಬೆಳೆಯಿರಿ ಎಂದು ಧಾರವಾಡದ ಕಡೆಗೆಲ್ಲ ಓಡಾಡಿದರು. ಯುದ್ಧ ಮುಗಿಯಿತು, ನೆನಪೂ ಮುಗಿಯಿತು. ಇಷ್ಟೆಲ್ಲ ಆದಮೇಲೆ ಪುಸ್ತಕದಲ್ಲಿ ಉಳಿದದ್ದು ಯಾರ ಹೆಸರು? ಯಂತ್ರ ಕಂಡುಹಿಡಿದವರದು. ಬಿಡಿಸಿದವರ, ನೂತವರ, ನೇಯ್ದವರ ಹೆಸರು ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಈ ಸಿಟ್ಟನ್ನು ಹೊತ್ತುಕೊಂಡೇ ಕಳೆದ ವರ್ಷ ಅವ್ವನನ್ನು ಜಮಖಂಡಿಯ ಕಚೇರಿಯೊಂದಕ್ಕೆ ಕರೆದುಕೊಂಡು ಹೋದೆ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ನೇಕಾರರ ಗುರುತಿನ ಚೀಟಿ ಇದ್ದದ್ದು ಅವನ ಹೆಸರಿನಲ್ಲಿ. ಈಗ ತನ್ನ ಹೆಸರಿನಲ್ಲಿ ಒಂದು ಚೀಟಿ ಬೇಕೇ ಬೇಕೆಂದು ಅವ್ವ ಹಟ ಹಿಡಿದಿದ್ದಳು. ಅದರಿಂದ ಸಿಗುವ ಸವಲತ್ತಿನ ಆಸೆ ಅವಳಿಗೆ ಅಷ್ಟಿರಲಿಲ್ಲ.

"ಜೀವಮಾನ ಎಲ್ಲಾ ನೂಲಿನಾಗ ಕಳದೇನಿ. ನನ್ನ ಉದ್ಯೋಗ ನೇಕಾರಿಕಿ ಅಂತ ಒಂದ್ ಕಾಗದದ ಮ್ಯಾಲೆ ಬರೀಲಿ, ಸಾಕು" ಎನ್ನುತ್ತಿದ್ದಳು.

ಬನಹಟ್ಟಿಯ ನಮ್ಮ ಮನೆಯಲ್ಲಿ ಮಗ್ಗ ನಡೆಸುತ್ತಿದ್ದವನು ಅಪ್ಪ. ಕಂಡಿಕೆ ಎಂಬ ಸಣ್ಣ ಕೊಳವೆಗೆ ನೂಲು ಸುತ್ತಿ ಲಾಳಿಗೆ ಒದಗಿಸುತ್ತಿದ್ದವಳು, ಬೀಮ್ ಕೆಚ್ಚುತ್ತಿದ್ದವಳು ಅವ್ವ. ಬಟ್ಟೆಯ ಉದ್ದಕ್ಕೆ ಓಡುವ ಹಾಸಿನ ನೂಲು ಸುತ್ತಿದ ದಪ್ಪ ಉರುಳೆಯೇ ಬೀಮ್. ಹಳೆಯ ಹಾಸನ್ನು ಪೂರ್ತಿ ನೇಯ್ದು ಮುಗಿಸುವುದಿಲ್ಲ. ಒಂದು ಗೇಣು ಉಳಿಸಿಕೊಂಡು, ಅದರ ಒಂದೊಂದು ಎಳೆಗೂ ಹೊಸ ಬೀಮಿನ ಒಂದೊಂದು ಎಳೆ ಸೇರಿಸಿ ಹೊಸೆಯಬೇಕು. ಅದೇ ಕೆಚ್ಚುವುದು. ಸಾವಿರಾರು ಎಳೆ. ಅವ್ವ ಬೆರಳಿಗೆ ಬೂದಿ ಹಚ್ಚಿಕೊಂಡು ಕುಳಿತಳೆಂದರೆ ಕೊನೆಯ ಎಳೆಯವರೆಗೆ ಯಾರ ಜೊತೆಗೂ ಮಾತಿಲ್ಲ. ಮಾತಿಗೆ ಬಾಯಿ ತೆರೆದರೆ ಎಳೆ ತಪ್ಪುತ್ತದೆ, ಒಂದು ಎಳೆ ತಪ್ಪಿದರೆ ಸೀರೆಯ ಉದ್ದಕ್ಕೂ ಗೆರೆ ಹಾಳು. ಓಣಿಯವರಿಗೆ ಇದು ಗೊತ್ತಿತ್ತು. ಬಾಗಿಲಲ್ಲಿ ನಿಂತು, ಬೂದಿಯ ಬಟ್ಟಲು ನೋಡಿ, ಆಮೇಲೆ ಬರುತ್ತೇವೆಂದು ಹೋಗಿಬಿಡುತ್ತಿದ್ದರು.

ಕಚೇರಿಯಲ್ಲಿ ಅಧಿಕಾರಿ ಅರ್ಜಿಯ ಮೇಲೆ ಕಣ್ಣಾಡಿಸಿದರು. "ಮಗ್ಗ ನಡಸೋರಿಗೆ ನೇಕಾರರು ಅಂತಾರ್ರೀ ಮೇಡಂ. ಅಮ್ಮಾರು ಯಜಮಾನರಿಗೆ ಕೈ ಆಸರ ಆಗಿರಬೇಕು, ಅಷ್ಟ."

ನನಗೆ ಸಿಟ್ಟು ನೆತ್ತಿಗೇರಿತು. "ಬೀಮ್ ಕೆಚ್ಚದಿದ್ರ ನಿಮ್ಮ ನೇಕಾರ ಏನ್ ನೇಯ್ತಾನ್ರೀ? ಗಾಳಿ ನೇಯ್ತಾನೇನು?" ಅಲ್ಲಿಂದ ಶುರುವಾದ ನನ್ನ ಪಾಠ ಆಫ್ರಿಕಾದ ಹಡಗು, ಇಂಗ್ಲೆಂಡಿನ ಗಿರಣಿ ಎಲ್ಲ ಸುತ್ತಿತು. ದುಡಿದವರ ಹೆಸರು ಅಳಿಸುವುದೇ ನಿಮ್ಮ ಕೆಲಸವೇ ಎಂದೆ, ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎಂದೆ. ಸಾಲಿನಲ್ಲಿ ನಿಂತವರು ಚೀಲ ಕೆಳಗಿಟ್ಟು ಕೇಳತೊಡಗಿದರು. ನಾನು ಇನ್ನಷ್ಟು ದನಿ ಏರಿಸಿದೆ.

ಅಧಿಕಾರಿ ತಾಳ್ಮೆಯಿಂದ ಕೇಳಿ, ಎದ್ದು ಹೋಗಿ, ಕಪಾಟಿನಿಂದ ಒಂದು ಕಟ್ಟು ತಂದರು. "ಮನಿಮನಿ ಸಮೀಕ್ಷಾ ಆದಾಗ ಬರದದ್ದರೀ ಇದು. ನಾವೇನ್ ನಮ್ಮ ಮನಸಿನಿಂದ ಹೇಳಾಕತ್ತಿಲ್ಲ."

ಅವ್ವನ ಹೆಸರಿತ್ತು. ಉದ್ಯೋಗ ಎಂಬಲ್ಲಿ, ಮನೆಗೆಲಸ.

"ಯಾವ ಕತ್ತೆ ಬರದದ್ದರೀ ಇದನ್ನ?" ಎಂದು ಕೂಗಿದೆ.

ಅವರು ಹಾಳೆಯ ಕೆಳತುದಿಯಲ್ಲಿ ಬೆರಳಿಟ್ಟರು. ಅಲ್ಲಿದ್ದದ್ದು ನನ್ನ ಸಹಿ.

ಆ ಸಮೀಕ್ಷೆಯ ಹೊತ್ತಿಗೆ ಅಪ್ಪ ಇನ್ನೂ ಇದ್ದ, ನನ್ನ ನೌಕರಿ ಬನಹಟ್ಟಿಯಲ್ಲೇ ಇತ್ತು. ಸಮೀಕ್ಷೆಯ ಕೆಲಸ ಶಿಕ್ಷಕರ ತಲೆಗೆ ಕಟ್ಟಿದ್ದರು, ನನಗೆ ನಮ್ಮ ಓಣಿಯೇ ಬಂದಿತ್ತು. ಬಿಸಿಲು ತಲೆ ಸುಡುತ್ತಿತ್ತು, ಸಂಜೆಯೊಳಗೆ ಇನ್ನೂ ಎಷ್ಟೋ ಮನೆ ಮುಗಿಸಬೇಕಿತ್ತು. ನಮ್ಮ ಮನೆಗೆ ಹೋಗಿ ನಿಂತುಕೊಂಡೇ ಕೇಳಿದೆ: "ಅವ್ವಾ, ನಿನ್ನ ಉದ್ಯೋಗ ಏನಂತ ಬರೀಲಿ?" ಅವಳು ಕೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. ಮಗ್ಗದ ಸದ್ದಿನ ಮೇಲೆ ಅಪ್ಪ ಕೂಗಿ ಹೇಳಿದ: "ಆಕಿದೇನ್ ಉದ್ಯೋಗ? ಮನ್ಯಾಗ ಇರ್ತಾಳ ಅಂತ ಬರಿ."

ಬರೆದೆ. ಕಣ್ಣೆದುರೇ ಅವಳ ಬೆರಳು ಆಡುತ್ತಿದ್ದವು, ಆದರೂ ನನ್ನ ಪೆನ್ನು ಒಂದು ಕ್ಷಣವೂ ನಿಲ್ಲಲಿಲ್ಲ. ಮಕ್ಕಳ ಮುಂದೆ ಟೇಬಲ್ ಗುದ್ದುವ ನಾನು! ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಅರ್ಜಿ ಕೈಗೇ ವಾಪಸು ಬಂತು. ಬಸ್ ಸ್ಟ್ಯಾಂಡಿನಲ್ಲಿ ಬನಹಟ್ಟಿಗೆ ಹೋಗುವ ರಬಕವಿ ಬಸ್ಸಿಗೆ ಕಾಯುತ್ತ ಕುಳಿತೆವು. ತಪ್ಪು ಒಪ್ಪಿಕೊಳ್ಳಬೇಕೆಂದೇ ಬಾಯಿ ತೆರೆದೆ, ಆದರೆ ಬಂದದ್ದು ಬೇರೆಯೇ ಮಾತು.

"ಅಪ್ಪ ಹಂಗ ಅಂದಾಗ ನೀನರ ಒಂದ್ ಮಾತ ಅಲ್ಲ ಅನಬೇಕಿತ್ತಿಲ್ಲ ಅವ್ವಾ?"

ಕಚೇರಿಯಲ್ಲಿ ಇಷ್ಟೆಲ್ಲ ಆದರೂ ಸುಮ್ಮನಿದ್ದ ಅವ್ವ ಈಗ ನನ್ನ ಕಡೆ ತಿರುಗಿದಳು. ಅವಳ ಮುಖ ಸಿಟ್ಟಿನಿಂದ ಕೆಂಪಾಗಿತ್ತು.

"ನಿಮ್ಮಪ್ಪ ಅಂದದ್ದು ನನಗ ಕೇಳ್ಸಿತ್ತು. ಬಾಯಿ ತೆರದ್ರ ಎಳಿ ತಪ್ಪತಿತ್ತು. ಅವಗ ತಿಳೀಲಿಲ್ಲ, ಬಿಡು. ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ನೀ, ಕೆಚ್ಚೂದು ಮುಗಿಯೂತನಾ ಕುಂದ್ರಾಕ ಆಗಲಿಲ್ಲೇನು ನಿನಗ? ನಾಕ್ ಬೆರಳಿನಷ್ಟ ಎಳಿ ಉಳದಿದ್ವು ಬೇ!"

ಸಮೀಕ್ಷೆಯ ಆ ದಿನ ಕೊನೆಯ ಎಳೆ ಹೊಸೆದು ಅವಳು ತಲೆ ಎತ್ತುವ ಹೊತ್ತಿಗೆ ನಾನು ಪಕ್ಕದ ಮನೆಯಲ್ಲಿ ಇನ್ನೊಬ್ಬ ಹೆಂಗಸಿನ ಹೆಸರಿನ ಮುಂದೆ ಅದೇ ಮಾತು ಬರೆಯುತ್ತಿದ್ದೆ.